ಎಚ್‌ಐವಿ ಪರೀಕ್ಷೆಯ ಕಿಟ್ ಮೆಡಿಕಲ್ ಶಾಪಿನಲ್ಲಿ ಎಲ್ಲರಿಗೂ ಸಿಗಬೇಕೇ?

ಪರ

ತಾಲ್ಲೂಕು ಆಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಸರ್ಕಾರದ ಆಪ್ತ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ಎಚ್‌ಐವಿ ಪರೀಕ್ಷೆ ಉಚಿತ. ವಿಷಯ ಗುಟ್ಟಾಗಿಯೂ ಇರುತ್ತದೆ. ಆದರೆ ಆ ಕೋಣೆಯ ಮುಂದೆ ಕಾಯುತ್ತಾ ಕೂರಲು ಧೈರ್ಯ ಬೇಕು. ಸಣ್ಣ ಊರಲ್ಲಿ ಯಾರಾದರೂ ಗುರುತಿನವರು ಎದುರಾಗೇ ಆಗುತ್ತಾರೆ, ಅಲ್ವಾ?

ಗರ್ಭಿಣಿಯರಿಗೆ ಬೇರೆ ತಪಾಸಣೆಗಳ ಜೊತೆ ಇದೂ ಆಗುತ್ತದೆ. ಗಂಡಸರಿಗೆ ಅಂಥ ಸಂದರ್ಭವೇ ಬರುವುದಿಲ್ಲ. ಹಾಗಾಗಿ ಎಷ್ಟೋ ಮನೆಗಳಲ್ಲಿ ಮೊದಲು ಗೊತ್ತಾಗುವುದು ಹೆಂಡತಿಗೆ ಸೋಂಕಿದೆ ಅಂತ. ಅವಳೇ ತಂದಳು ಅನ್ನುವ ಮಾತೂ ಅವಳ ತಲೆಗೇ. ಗಂಡ ಆಸ್ಪತ್ರೆಗೆ ಬರಲು ಒಪ್ಪದಿದ್ದರೆ ಕಿಟ್ ಅವನ ಕೈಗೆ ಸಿಗಲಿ. ವಸಡು ಸವರಿ 20 ನಿಮಿಷ ಕಾದರೆ ಫಲಿತಾಂಶ ತೋರಿಸುವ ಕಿಟ್‌ಗೆ ಅಮೆರಿಕ 2012ರಲ್ಲೇ ಒಪ್ಪಿಗೆ ಕೊಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಇಂಥ ಸ್ವಯಂ ಪರೀಕ್ಷೆಯನ್ನು ಶಿಫಾರಸು ಮಾಡಿತು.

ನಮ್ಮಲ್ಲಿ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ 2004ರಿಂದ ಉಚಿತ. 2017ರಿಂದ ಸಿಡಿ4 (ರೋಗನಿರೋಧಕ ಕಣಗಳ ಲೆಕ್ಕ) ಎಷ್ಟೇ ಇರಲಿ, ಸೋಂಕು ಖಚಿತವಾದ ಕೂಡಲೇ ಚಿಕಿತ್ಸೆ. ದಿನಾ ಮಾತ್ರೆ ತೆಗೆದುಕೊಂಡು ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ ಪ್ರಮಾಣ, ಪರೀಕ್ಷೆಯಲ್ಲಿ ಕಾಣದಷ್ಟು ಇಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಇಷ್ಟೆಲ್ಲ ಇದ್ದೂ ಬರೀ ನಾಚಿಕೆಯಿಂದ ಒಬ್ಬರು ಕಾಯಿಲೆ ಬೀಳುವುದನ್ನು ಹೇಗೆ ಸಹಿಸುವುದು?

ವಿರೋಧ

ಕಿಟ್‌ನಲ್ಲಿ ಸೋಂಕಿನ ಗೆರೆ ಕಂಡಿತು. ಮುಂದೇನು? ಐಸಿಟಿಸಿಯಲ್ಲಿ ಒಂದೇ ಪರೀಕ್ಷೆ ನೋಡಿ ಪಾಸಿಟಿವ್ ಅನ್ನುವುದಿಲ್ಲ. ಬೇರೆ ಬೇರೆ ಮೂರು ಪರೀಕ್ಷೆಗಳಲ್ಲೂ ಹಾಗೇ ಬರಬೇಕು. ರಾತ್ರಿ ಬಚ್ಚಲಲ್ಲಿ ಒಬ್ಬನೇ ನಿಂತು ಆ ಗೆರೆ ನೋಡಿದವನಿಗೆ ಇದನ್ನು ಹೇಳುವವರು ಯಾರು? 1097 ಸಹಾಯವಾಣಿ ಇದೆ, ನಿಜ. ಆ ಹೊತ್ತಿನಲ್ಲಿ ಅದು ನೆನಪಾಗಬೇಕಲ್ಲ.

ಗೆರೆ ಕಾಣದಿದ್ದರೂ ನಿಶ್ಚಿಂತೆಯಿಲ್ಲ. ಅಮೆರಿಕದ ಆ ಕಿಟ್ಟನ್ನು ಜನರೇ ಬಳಸಿದಾಗ, ಸೋಂಕಿದ್ದ 12 ಜನರಲ್ಲಿ ಸುಮಾರು ಒಬ್ಬರಿಗೆ ಸೋಂಕಿಲ್ಲ ಅಂತ ತೋರಿಸುತ್ತದೆ. ಸೋಂಕು ತಗಲಿ ಮೂರು ತಿಂಗಳಾಗುವ ಮುಂಚೆ ಮಾಡಿದರಂತೂ ಫಲಿತಾಂಶವನ್ನು ನಂಬುವಂತೆಯೇ ಇಲ್ಲ.

ನನಗೆ ಜಾಸ್ತಿ ಭಯ ಬೇರೆಯದೇ. ಒಪ್ಪಿಗೆ ಇಲ್ಲದೆ ಯಾರಿಗೂ ಪರೀಕ್ಷೆ ಮಾಡಬಾರದು, ಕೆಲಸ ಕೊಡಲು ಇದನ್ನು ಷರತ್ತು ಮಾಡಬಾರದು ಅಂತ 2017ರ ಎಚ್‌ಐವಿ-ಏಡ್ಸ್ ಕಾಯ್ದೆ ಹೇಳುತ್ತದೆ. ಕಿಟ್ ಅಂಗಡಿಯಲ್ಲಿ ಸಿಕ್ಕಿದರೆ ಈ ಮಾತಿಗೆ ಕಾವಲು ಯಾರು? ಅತ್ತೆ ಸೊಸೆಯ ಮುಂದೆ ಇಡಬಹುದು. ಗಂಡಿನ ಕಡೆಯವರು ಹುಡುಗಿಗೆ ಮಾಡಿಸಿ ಅನ್ನಬಹುದು. ಮೇಸ್ತ್ರಿ ಕೂಲಿಯವರಿಗೆಲ್ಲ ಮಾಡಿಸಬಹುದು. ಬೇಡ ಅಂದರೆ ಅದೇ ಅನುಮಾನಕ್ಕೆ ದಾರಿ.

ಪರೀಕ್ಷೆ ಬರೀ ಮೊದಲ ಹೆಜ್ಜೆ. ಆಮೇಲೆ ಮಾತ್ರೆ ಜೀವನಪೂರ್ತಿ. ಐಸಿಟಿಸಿಯ ಆಪ್ತ ಸಮಾಲೋಚಕರು ಅಳುವವರ ಜೊತೆ ಕೂರುತ್ತಾರೆ, ಎಆರ್‌ಟಿ ಕೇಂದ್ರಕ್ಕೆ ಕಳಿಸುತ್ತಾರೆ, ಹೋಗದಿದ್ದರೆ ವಿಚಾರಿಸುತ್ತಾರೆ. ಅಂಗಡಿಯಲ್ಲಿ ಕಿಟ್ ಕೊಂಡವನನ್ನು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಆಸ್ಪತ್ರೆಗೆ ಬರಲು ಹಿಂಜರಿಯುವ ಗಂಡಸರಿಗಾಗಿ ಸಮಾಲೋಚಕರನ್ನೇ ವ್ಯಾನಿನಲ್ಲಿ ಲಾರಿ ನಿಲ್ದಾಣಕ್ಕೆ, ಕಾರ್ಖಾನೆ ಗೇಟಿಗೆ ಕಳಿಸಿ. ಕೂಲಿ ಮುಗಿಸಿ ಬರುವವರಿಗಾಗಿ ಐಸಿಟಿಸಿಯನ್ನು ಸಂಜೆ ಎಂಟರವರೆಗೆ ತೆರೆದಿಡಿ.