ಎಲ್ಲ ಆಟಗಳೂ ಓಡುತ್ತವೆ, ಒಂದು ಸಾಲು ಸೇರಿಸಿದರೆ ಸಾಕು

ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದಾದ ಮುಕ್ತ ಆಪರೇಟಿಂಗ್ ಸಿಸ್ಟಂ ಲಿನಕ್ಸ್‌ನಲ್ಲಿ ಕಂಪ್ಯೂಟರ್ ಆಟ ಆಡಲಾಗದು ಎನ್ನುವುದು ಶುದ್ಧ ಅಪಪ್ರಚಾರ. ಧಾರಾಳವಾಗಿ ಆಡಬಹುದು. ಆಡುವ ಮುನ್ನ ಪೂರೈಸಬೇಕಾದ ಕೆಲವು ವಿಧಿಗಳಿವೆ, ಅಷ್ಟೇ. ಅವು ಮುಗಿಯುವ ಹೊತ್ತಿಗೆ ಆಡುವ ಹುಮ್ಮಸ್ಸೇ ಉಳಿದಿಲ್ಲವೆಂದರೆ ಅದು ಆಟಗಾರನ ದೌರ್ಬಲ್ಯವೇ ಹೊರತು ಆಪರೇಟಿಂಗ್ ಸಿಸ್ಟಂನ ದೋಷವಲ್ಲ.

ಇಲ್ಲಿ ದೋಷ ಎಂಬುದು ಎಂದಿಗೂ ಸಿಸ್ಟಂನದಾಗಿರುವುದಿಲ್ಲ, ಗಮನಿಸಿ. ಪರದೆ ಕಪ್ಪಾದರೆ ತಪ್ಪು ಗ್ರಾಫಿಕ್ಸ್ ಕಾರ್ಡ್ ಮಾಡಿದವರದು. ನಿದ್ದೆಗೆ ಹೋದ ಲ್ಯಾಪ್‌ಟಾಪ್ ಏಳದಿದ್ದರೆ ಅದನ್ನು ಎಬ್ಬಿಸುವ ಬಯೋಸ್ ತಂತ್ರಾಂಶ ಬರೆದವರದು. ಹೆಡ್‌ಫೋನ್ ಚುಚ್ಚಿದರೂ ಸದ್ದು ಟಿವಿಯಲ್ಲೇ ಬರುತ್ತಿದ್ದರೆ ನೀವು ಸದ್ದು ನಿಭಾಯಿಸುವ ಹಳೆಯ ತಂತ್ರಾಂಶ ಪಲ್ಸ್‌ಆಡಿಯೋದಲ್ಲೇ ಉಳಿದುಬಿಟ್ಟಿದ್ದೀರಿ. ಹೊಸ ಪೈಪ್‌ವೈರ್‌ಗೆ ಹೋಗಿದ್ದರೆ, ಅವಸರ ಮಾಡಿದ್ದೀರಿ. ಎಲ್ಲರೂ ನಿರ್ದೋಷಿಗಳೆಂದು ಸಾಬೀತಾದ ಮೇಲೆ ಕಟಕಟೆಯಲ್ಲಿ ಉಳಿಯುವವನು ಒಬ್ಬನೇ: ಯಾವ ಡಿಸ್ಟ್ರೋ, ಅಂದರೆ ಲಿನಕ್ಸ್‌ನ ನಾನಾ ರೂಪಗಳಲ್ಲಿ ಯಾವುದನ್ನು ಬಳಸುತ್ತೀರಿ ಎಂಬ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿದವನು. ಅವನು ಯಾವ ಹೆಸರು ಹೇಳಿದರೂ ಅದು ತಪ್ಪು ಡಿಸ್ಟ್ರೋ.

2021ರ ನವೆಂಬರ್‌ನಲ್ಲಿ ಯೂಟ್ಯೂಬ್‌ನಲ್ಲಿ ತಂತ್ರಜ್ಞಾನದ ವಿಡಿಯೋ ಮಾಡುವ ಲೈನಸ್ ಸೆಬಾಸ್ಟಿಯನ್ ಲೋಕವೆಲ್ಲ ನೋಡುತ್ತಿರುವಾಗ ಇದನ್ನು ಅನುಭವಿಸಿದರು. ಪಾಪ್ ಓಎಸ್ ಎಂಬ ಡಿಸ್ಟ್ರೋದಲ್ಲಿ ಆಟಗಳ ಅಂಗಡಿಯಾದ ಸ್ಟೀಮ್ ಹಾಕಿಕೊಳ್ಳುವುದಷ್ಟೇ ಅವರಿಗೆ ಬೇಕಿದ್ದದ್ದು. ಪ್ಯಾಕೇಜಿನಲ್ಲಿ ಆಗ ಏನೋ ಎಡವಟ್ಟಾಗಿತ್ತು. ಸ್ಟೀಮ್ ಬರಬೇಕಾದರೆ ಡೆಸ್ಕ್‌ಟಾಪ್ ಹೋಗಬೇಕು ಎಂದು, ತಂತ್ರಾಂಶಗಳನ್ನು ಹಾಕಿ ತೆಗೆಯುವ ಆ್ಯಪ್ಟ್ ಲೆಕ್ಕ ಹಾಕಿತು. ‘ಯೆಸ್, ಡೂ ಆ್ಯಸ್ ಐ ಸೇ!’ ಎಂದು ಉದ್ಗಾರ ಚಿಹ್ನೆಯ ಸಮೇತ ಬೆರಳಚ್ಚಿಸಿದರೆ ಮುಂದುವರಿಯುವುದಾಗಿ ಹೇಳಿತು. ಅವರು ಬೆರಳಚ್ಚಿಸಿದರು. ಅದು ಹೇಳಿದಂತೆ ಮಾಡಿತು. ಆಮೇಲೆ ಕಿಟಕಿಯೂ ಇಲ್ಲ, ಐಕಾನೂ ಇಲ್ಲ. ದೋಷವನ್ನು ಬಳಿಕ ಸರಿಪಡಿಸಲಾಯಿತೆನ್ನಿ. ಆದರೆ ಭಕ್ತವೃಂದದ ತೀರ್ಪು ಅಷ್ಟರಲ್ಲೇ ಹೊರಬಿದ್ದಿತ್ತು: ಎಚ್ಚರಿಕೆಯನ್ನು ಓದಬಾರದಿತ್ತೇ? ಮಾಲೀಕನ ಲಿಖಿತ ಒಪ್ಪಿಗೆ ಪಡೆದೇ ಮನೆ ಕೆಡವಲಾಗಿದೆ, ಇನ್ನೇನು ತಕರಾರು?

ಹಾಗೆಂದು ಇಲ್ಲಿ ಸಾಧನೆಯೇ ಆಗಿಲ್ಲ ಎಂದರೆ ಪಾಪ ಬರುತ್ತದೆ. ವಿಂಡೋಸ್ ಪ್ರೋಗ್ರಾಂಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್ ಯೋಜನೆ ಶುರುವಾದದ್ದು 1993ರಲ್ಲಿ, ಅದರ 1.0 ಆವೃತ್ತಿ ಹೊರಬಂದದ್ದು 2008ರಲ್ಲಿ. ಹದಿನೈದು ವರ್ಷ ಸಂಬಳ, ಸಾರಿಗೆ ಯಾವುದನ್ನೂ ನೆಚ್ಚದೆ ದುಡಿದವರು ಅದರಲ್ಲಿದ್ದಾರೆ. ಸ್ಟೀಮ್‌ನ ಒಡೆಯರಾದ ವಾಲ್ವ್ ಕಂಪನಿ 2018ರಲ್ಲಿ ಅದರ ಮೇಲೆ, ವಿಂಡೋಸ್ ಆಟಗಳನ್ನು ಓಡಿಸಲೆಂದೇ ಪ್ರೋಟಾನ್ ಕಟ್ಟಿತು. ಆಟ ವಿಂಡೋಸ್‌ನ ಗ್ರಾಫಿಕ್ಸ್ ಭಾಷೆಯಾದ ಡೈರೆಕ್ಟ್‌ಎಕ್ಸ್‌ನಲ್ಲಿ ಕೇಳಿದ್ದನ್ನು ಡಿಎಕ್ಸ್‌ವಿಕೆ ಎಂಬ ಭಾಗ ನಿಂತ ನಿಲುವಿನಲ್ಲಿ ಲಿನಕ್ಸ್‌ಗೂ ತಿಳಿಯುವ ವಲ್ಕನ್‌ಗೆ ತಿರುಗಿಸಿ ಗ್ರಾಫಿಕ್ಸ್ ಕಾರ್ಡಿಗೆ ಮುಟ್ಟಿಸುತ್ತದೆ, ಅದೂ ಸೆಕೆಂಡಿಗೆ ಸಾವಿರಾರು ಬಾರಿ. 2022ರಲ್ಲಿ ಬಂದ, ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್‌ನೊಳಗೆ ಇರುವುದು ಇದೇ ಲಿನಕ್ಸ್, ಇದೇ ಪ್ರೋಟಾನ್. ಅದನ್ನು ಕೊಂಡವರಲ್ಲಿ ಅನೇಕರಿಗೆ ತಾವು ಬಳಸುತ್ತಿರುವುದು ಲಿನಕ್ಸ್ ಎಂದೇ ತಿಳಿದಿಲ್ಲ. ಲಿನಕ್ಸ್‌ಗೆ ಈವರೆಗೆ ಸಿಕ್ಕ ಅತಿ ದೊಡ್ಡ ಪ್ರಶಂಸೆ ಅದು.

ಈ ಗೆಲುವಿನಿಂದ ಹುಟ್ಟಿದ ವಿಚಿತ್ರವೊಂದಿದೆ. ಲಿನಕ್ಸ್‌ಗೆಂದೇ ಸಿದ್ಧಪಡಿಸಿದ ಆಟ ಲಿನಕ್ಸ್‌ನಲ್ಲಿ ಕುಂಟುತ್ತಿದೆಯೇ? ಅದನ್ನು ಕಿತ್ತುಹಾಕಿ, ಅದೇ ಆಟದ ವಿಂಡೋಸ್ ಆವೃತ್ತಿಯನ್ನು ಇಳಿಸಿಕೊಂಡು ಪ್ರೋಟಾನ್‌ನಲ್ಲಿ ಓಡಿಸಿ ಎನ್ನುತ್ತಾರೆ ಬಲ್ಲವರು. ಎಷ್ಟೋ ಸಲ ಅದೇ ಸರಿಯಾದ ಸಲಹೆ. ಹಳೆಯ ವಿಂಡೋಸ್ ಆಟ ಇಲ್ಲಿ ನಿಶ್ಚಿಂತೆಯಿಂದ ತೆರೆದುಕೊಳ್ಳುತ್ತದೆ; ಅಷ್ಟೇ ಹಳೆಯ ಲಿನಕ್ಸ್ ಆಟ ಯಾವುದೋ ನೆರವಿನ ಕೋಡಿನ (ಲೈಬ್ರರಿಯ) ಓಬೀರಾಯನ ಕಾಲದ ಆವೃತ್ತಿಯನ್ನು ಕೇಳಿ, ಅದು ಸಿಗದೆ ಹೊಸ್ತಿಲಲ್ಲೇ ಕುಸಿಯುತ್ತದೆ. ಲಿನಕ್ಸ್‌ನಲ್ಲಿ ಅತ್ಯಂತ ಸ್ಥಿರವಾಗಿರುವುದು ವಿಂಡೋಸೇ ಎಂದು ಈ ವಲಯದವರೇ ನಗುತ್ತಾರೆ. ಆ ನಗು ಹೆಚ್ಚು ಹೊತ್ತು ಇರುವುದಿಲ್ಲ.

ಇನ್ನು ವಿಧಿಗಳ ವಿಚಾರ. ಅಧಿಕೃತ ಸಹಿಯಿಲ್ಲದ ತಂತ್ರಾಂಶವನ್ನು ಒಳಬಿಡದ ಸೆಕ್ಯೂರ್ ಬೂಟ್ ಎಂಬ ಕಾವಲು ಚಾಲೂ ಇರುವ ಗಣಕಕ್ಕೆ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ಹಾಕುವುದನ್ನೇ ನೋಡಿ. ಮಧ್ಯದಲ್ಲಿ ಅದು ಒಂದು ಪಾಸ್‌ವರ್ಡ್ ಕೇಳುತ್ತದೆ. ಯಾತಕ್ಕೆ ಎಂದು ಸಾಮಾನ್ಯರಿಗೆ ಅರ್ಥವಾಗುವಂತೆ ಹೇಳುವುದಿಲ್ಲ. ಏನೋ ಒಂದು ಕೊಟ್ಟು ಗಣಕವನ್ನು ಮತ್ತೆ ಚಾಲೂ ಮಾಡಿದಾಗ ಹಿಂದೆಂದೂ ಕಾಣದ ನೀಲಿ ಪರದೆ ಎದ್ದು ನಿಲ್ಲುತ್ತದೆ. ಯಾವುದಾದರೂ ಕೀಲಿ ಒತ್ತಲು ಅಲ್ಲಿ 10 ಸೆಕೆಂಡು ಗಡುವು. ಗಾಬರಿಯಿಂದ ಅದನ್ನು ಓದಿ ಮುಗಿಸುವಷ್ಟರಲ್ಲಿ ಗಡುವು ತೀರಿ, ಗಣಕ ಏನೂ ಆಗದ ಹಾಗೆ ತೆರೆದುಕೊಳ್ಳುತ್ತದೆ. ಡ್ರೈವರ್ ಡಿಸ್ಕಿನಲ್ಲಿದೆ, ಸಿಸ್ಟಂನ ತಿರುಳಾದ ಕರ್ನಲ್ ಮಾತ್ರ ಅದನ್ನು ಹತ್ತಿರಕ್ಕೂ ಸೇರಿಸುವುದಿಲ್ಲ. ಆಟ ಸೆಕೆಂಡಿಗೆ ಮೂರು ಚೌಕಟ್ಟಿನಂತೆ, ಆಲ್ಬಂ ತಿರುವಿಹಾಕಿದ ಹಾಗೆ ಸಾಗುತ್ತದೆ. ಕಂಡವರನ್ನು ಕೇಳಿ ಬಂದ ಉತ್ತರ: ಸೆಕ್ಯೂರ್ ಬೂಟ್ ಬಂದ್ ಮಾಡಿಬಿಡಿ. ಸುರಕ್ಷತೆಯೇ ಈ ವ್ಯವಸ್ಥೆಯ ಹೆಗ್ಗಳಿಕೆ ಎಂದು ಹಿಂದಿನ ವಾರ ಹೇಳಿದ್ದವರೂ ಅವರೇ.

ಅದು ದಾಟಿತೆನ್ನಿ. ಚಿತ್ರ ಮೂಡಿಸುವ ಪುಟ್ಟ ಪ್ರೋಗ್ರಾಂಗಳಾದ ಷೇಡರ್‌ಗಳನ್ನು ಸಿದ್ಧಪಡಿಸುವ ಪಟ್ಟಿ ಆಮೆಯ ನಡಿಗೆಯಲ್ಲಿ ತುಂಬಿ, ಆಟದ ಲಾಂಛನ ಮೂಡಿ, ಮರುಕ್ಷಣ ಎಲ್ಲವೂ ಸದ್ದಿಲ್ಲದೆ ಮಾಯ. ಯಾವ ಸಂದೇಶವೂ ಇಲ್ಲ. ಕಾರಣ ಕೆಲವೊಮ್ಮೆ ಒಂದು ಸಂಖ್ಯೆ. ಒಂದು ಪ್ರೋಗ್ರಾಂ ಮೆಮೊರಿಯನ್ನು ಎಷ್ಟು ತುಂಡುಗಳಾಗಿ ಗುರುತಿಸಿಕೊಳ್ಳಬಹುದು ಎಂಬುದಕ್ಕೆ ಕರ್ನಲ್ ಇಟ್ಟ ಮಿತಿ 65530. ಕೆಲವು ದೊಡ್ಡ ಆಟಗಳಿಗೆ ಅದು ಸಾಲದು. 1048576 ಮಾಡಿದರೆ ಸುಸೂತ್ರ. ಫೆಡೋರಾ 39 ಮತ್ತು ಉಬುಂಟು 24.04 ಬರುವ ವೇಳೆಗೆ ಡಿಸ್ಟ್ರೋಗಳೇ ಅದನ್ನು ಬದಲಿಸಿಕೊಂಡವು. ಅಲ್ಲಿಯವರೆಗೆ ಗುಂಡು ಹಾರಿಸಲೆಂದು ಕುಳಿತವರೆಲ್ಲ ಮೊದಲು ಕರ್ನಲ್‌ನ ಮೆಮೊರಿ ನಿರ್ವಹಣೆಯ ವಿದ್ಯಾರ್ಥಿಗಳಾಗಬೇಕಿತ್ತು. ಆದರೂ ‘ನನ್ನಲ್ಲಿ ಏನೂ ಮಾಡದೆ ಓಡಿತು’ ಎನ್ನುವ ಪುಣ್ಯಾತ್ಮರಿದ್ದರು. ಆಟ ತೆರೆಯುವಾಗಿನ ಆದೇಶಗಳನ್ನು ಬರೆದಿಡುವ ಅವರ ಲಾಂಚ್ ಆಪ್ಷನ್ ಪೆಟ್ಟಿಗೆ ಇಣುಕಿದರೆ ಅಲ್ಲಿ ಮೂರು ಸಾಲಿನ ಮಂತ್ರವಿರುತ್ತಿತ್ತು. ಹಾಕಿದ್ದು ಯಾವಾಗ, ಯಾಕೆ ಎಂಬುದು ಅವರಿಗೂ ಮರೆತಿರುತ್ತಿತ್ತು.

ಈ ಎಲ್ಲವೂ ಬಗೆಹರಿಯುವ ಕಷ್ಟಗಳು, ಬಗೆಹರಿಯುತ್ತಲೂ ಇವೆ. ನಿಜವಾದ ಪ್ರಹಸನ ಶುರುವಾಗುವುದು ಆಟ ಚೆನ್ನಾಗಿ ಓಡಿದ ಮೇಲೆ. ಮೋಸದಾಟ ತಡೆಯುವ ಆ್ಯಂಟಿ-ಚೀಟ್ ತಂತ್ರಾಂಶಗಳಲ್ಲಿ ಎರಡು ಪ್ರಮುಖವಾದವು, ಈಸಿ ಆ್ಯಂಟಿ-ಚೀಟ್ ಮತ್ತು ಬ್ಯಾಟಲ್‌ಐ, 2021ರಲ್ಲೇ ಪ್ರೋಟಾನ್‌ಗೆ ಒಗ್ಗಿಕೊಂಡವು. ಆಟ ತಯಾರಿಸಿದವರು ಒಪ್ಪಿಗೆ ಕೊಟ್ಟರೆ ಆಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ. 2024ರ ಸೆಪ್ಟೆಂಬರ್‌ನಲ್ಲಿ ಜಿಟಿಎ ಆನ್‌ಲೈನ್ ಆಟಕ್ಕೆ ಬ್ಯಾಟಲ್‌ಐ ಬಂತು, ತಯಾರಕರ ಒಪ್ಪಿಗೆ ಬರಲಿಲ್ಲ. ಅಲ್ಲಿಯವರೆಗೆ ಸುಖವಾಗಿ ಆಡುತ್ತಿದ್ದ ಸ್ಟೀಮ್ ಡೆಕ್‌ನವರು ಹೊರಬಿದ್ದರು. ಮರು ತಿಂಗಳ ಕೊನೆಗೆ ಏಪೆಕ್ಸ್ ಲೆಜೆಂಡ್ಸ್ ಕೂಡ ಲಿನಕ್ಸ್‌ನವರಿಗೆ ಬಾಗಿಲು ಹಾಕಿತು. ಲಿನಕ್ಸ್ ಮುಕ್ತವಾದದ್ದು, ಆದ್ದರಿಂದ ಅಲ್ಲಿ ಮೋಸ ಮಾಡಿದವರನ್ನು ಪತ್ತೆ ಮಾಡುವುದು ಕಷ್ಟ ಎಂಬ ಕಾರಣ ಕೊಟ್ಟರು. ಮೋಸಗಾರರೇನೋ ವಿಂಡೋಸ್‌ನಲ್ಲಿ ಎಂದಿನಂತೆ ಗೋಡೆಯಾಚೆಗೂ ಗುರಿಯಿಟ್ಟು ಹೊಡೆಯುತ್ತಿದ್ದಾರೆ.

ಎಲ್ಲಕ್ಕಿಂತ ಸೊಗಸಾದ ಪ್ರಕರಣ ಫೋರ್ಟ್‌ನೈಟ್‌ನದು. ಈಸಿ ಆ್ಯಂಟಿ-ಚೀಟ್‌ನ ಒಡೆತನ ಎಪಿಕ್ ಗೇಮ್ಸ್‌ನದು. ಫೋರ್ಟ್‌ನೈಟ್‌ನ ಒಡೆತನವೂ ಎಪಿಕ್ ಗೇಮ್ಸ್‌ನದೇ. ನಮ್ಮ ತಂತ್ರಾಂಶ ಲಿನಕ್ಸ್‌ನಲ್ಲಿ ಕೆಲಸ ಮಾಡುತ್ತದೆ, ಬೇಕಾದರೆ ನಿಮ್ಮ ಆಟಕ್ಕೆ ಬಳಸಿಕೊಳ್ಳಿ ಎಂದು ಕಂಪನಿ ಉಳಿದವರಿಗೆ ಹೇಳುತ್ತದೆ. ತನ್ನ ಆಟವನ್ನು ಮಾತ್ರ ಲಿನಕ್ಸ್‌ಗೆ ತರುವುದಿಲ್ಲ.

ಕೇಬಲ್ ಮಾಡುವವರೂ ಹಿಂದೆ ಬಿದ್ದಿಲ್ಲ. ಗಣಕದ ಚಿತ್ರವನ್ನು ಟಿವಿಗೆ ಒಯ್ಯುವ ಎಚ್‌ಡಿಎಂಐ 2.1ಕ್ಕೆ ಬೇಕಾದ ಮುಕ್ತ ಡ್ರೈವರನ್ನು ಗ್ರಾಫಿಕ್ಸ್ ಕಾರ್ಡ್ ಮಾಡುವ ಎಎಂಡಿ ಸಿದ್ಧಪಡಿಸಿಕೊಂಡು ಹೋದಾಗ, 2024ರ ಫೆಬ್ರವರಿಯಲ್ಲಿ ಆ ಮಾನದಂಡ ರೂಪಿಸುವ ಎಚ್‌ಡಿಎಂಐ ಫೋರಂ ಬೇಡವೆಂದಿತು. ಡ್ರೈವರ್ ಮುಕ್ತವಾದರೆ ಮಾನದಂಡದ ಗುಟ್ಟು ಬಯಲಾಗುತ್ತದಂತೆ. ಕೇಬಲ್ ಅದೇ, ಟಿವಿ ಅದೇ, ಕಾರ್ಡ್ ಅದೇ. ಆದರೆ ದಾರಿಯಲ್ಲಿ ಸಾಗುವ ಚಿತ್ರ ಯಾವ ಆಪರೇಟಿಂಗ್ ಸಿಸ್ಟಂನಿಂದ ಹೊರಟಿದೆ ಎಂದು ಜಾತಕ ನೋಡಬೇಕು.

ಇಷ್ಟು ದೊಡ್ಡವರೆಲ್ಲ ಇಷ್ಟು ಹಟ ಹಿಡಿಯುವುದಕ್ಕೆ ಮುಂದಿಡುವ ಲೆಕ್ಕ ಒಂದೇ: ಲಿನಕ್ಸ್‌ನಲ್ಲಿ ಆಡುವವರ ಸಂಖ್ಯೆ ಕಡಿಮೆ. ಸ್ಟೀಮ್‌ನ ಸಮೀಕ್ಷೆಯಲ್ಲಿ ಅವರ ಪಾಲು ಶೇ. 3 ದಾಟಿದ್ದು 2025ರ ಅಕ್ಟೋಬರ್‌ನಲ್ಲಿ. ಮಂದಿ ಇಲ್ಲದ್ದರಿಂದ ಆಟ ಕೊಡುವುದಿಲ್ಲ, ಆಟ ಇಲ್ಲದ್ದರಿಂದ ಮಂದಿ ಬರುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಆದರೂ ಅದೇ ತಿಂಗಳ 14ರಂದು ವಿಂಡೋಸ್ 10ಕ್ಕೆ ಬೆಂಬಲ ನಿಂತ ಮೇಲೆ ಹೊಸಬರು ಗಂಟುಮೂಟೆ ಕಟ್ಟಿಕೊಂಡು ಬರುತ್ತಿದ್ದಾರೆ. ಗಟ್ಟಿಮುಟ್ಟಾದ ಗಣಕವನ್ನು ವಿಂಡೋಸ್ 11 ಬೇಡವೆಂದಿತು ಎಂಬ ಸಂಕಟ ಅವರದು. ಬನ್ನಿ, ಬನ್ನಿ, ಇಲ್ಲಿ ಈಗ ಎಲ್ಲ ಆಟಗಳೂ ಓಡುತ್ತವೆ ಎಂದು ಹಳಬರು ತುಂಬು ಹೃದಯದಿಂದ ಸ್ವಾಗತಿಸುತ್ತಾರೆ.

‘ಫೋರ್ಟ್‌ನೈಟ್ ಓಡುತ್ತದೆಯೇ?’

‘ಅದನ್ನು ಬಿಟ್ಟು.’

‘ವ್ಯಾಲರಂಟ್?’

‘ಅದಕ್ಕೆ ಕರ್ನಲ್‌ನೊಳಗೇ ಬಂದು ಕೂರಬೇಕಂತೆ. ಅಂಥ ಆಟವನ್ನು ಮರ್ಯಾದಸ್ಥರು ಆಡುತ್ತಾರೆಯೇ?’

‘ಲೀಗ್ ಆಫ್ ಲೆಜೆಂಡ್ಸ್?’

‘2024ರವರೆಗೆ ಓಡುತ್ತಿತ್ತು. ಹಾಗೆ ನೋಡಿದರೆ ಅದು ಒಳ್ಳೆಯ ಆಟವೇ ಅಲ್ಲ. ಪೆಂಗ್ವಿನ್ ಕೂತು ಕಾರು ಓಡಿಸುವ ಸೂಪರ್‌ಟಕ್ಸ್‌ಕಾರ್ಟ್ ಇದೆ, ಆಡಿ ನೋಡಿ. ಅಂದಹಾಗೆ, ಯಾವ ಡಿಸ್ಟ್ರೋ ಹಾಕಿಕೊಂಡಿದ್ದೀರಿ?’