ಹಿತ್ತಲ ಗಿಡಕ್ಕೆ ಮದ್ದಿಲ್ಲ

ನನ್ನ ಮರೂನ್ ಬಣ್ಣದ ನೈಟಿಯನ್ನು ಬೀರುವಿನ ತಳಕ್ಕೆ ತುರುಕಿ ಇವತ್ತಿಗೆ ನಾಲ್ಕು ದಿನ. ಹರಿದಿಲ್ಲ, ಬಣ್ಣ ಹೋಗಿಲ್ಲ, ಗಾಂಧಿ ಬಜಾರಿನಲ್ಲಿ ಅರ್ಧ ಗಂಟೆ ಚೌಕಾಸಿ ಮಾಡಿ ತಂದದ್ದು. ಆದರೆ ಅದೀಗ ರಾಜ್ಯಮಟ್ಟದಲ್ಲಿ ಹೆಸರು ಮಾಡಿಬಿಟ್ಟಿದೆ. ಬೀದರಿನಿಂದ ಚಾಮರಾಜನಗರದವರೆಗೆ ಗಿಡ ಬೆಳೆಸುವವರೆಲ್ಲ ಅದನ್ನು ನೋಡಿ ನಕ್ಕಿದ್ದಾರೆ. ನಗಿಸಿದವಳು ನಾನೇ. ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ಈ ಹೊಟ್ಟೆಯುಬ್ಬರ ಇಳಿಯುವ ಹಾಗೆ ಕಾಣುವುದಿಲ್ಲ.

2020ರ ಮಾರ್ಚ್ ಕೊನೆಗೆ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತಲ್ಲ, ಆಗ ನಾನು ಮೆಂತ್ಯದ ಡಬ್ಬಿಯಿಂದ ಒಂದು ಹಿಡಿ ಕಾಳು ತೆಗೆದು, ಹಳೇ ಸ್ವೀಟ್ ಡಬ್ಬಿಗೆ ಮಣ್ಣು ತುಂಬಿ ಉದುರಿಸಿದೆ. ಮೂರನೇ ದಿನಕ್ಕೆ ಮೊಳಕೆ! ಮೆಂತ್ಯ ಎಲ್ಲಿ ಚೆಲ್ಲಿದರೂ ಮೂರು ದಿನಕ್ಕೆ ಮೊಳೆಯುತ್ತದೆ ಅನ್ನುವುದು ಆಗ ಗೊತ್ತಿರಲಿಲ್ಲ, ನನ್ನ ಕೈಗುಣ ಅಂದುಕೊಂಡೆ. ಫೋಟೋ ತೆಗೆದು ಫೇಸ್‌ಬುಕ್ಕಿನ ಒಂದು ಕೈತೋಟದ ಗುಂಪಿಗೆ ಹಾಕಿದೆ. ಲೈಕುಗಳು ಸುರಿದವು. ಹದಿನೇಳು ವರ್ಷದ ಸಂಸಾರದಲ್ಲಿ ನನ್ನ ಯಾವ ಹುಳಿಗೂ ಪಲ್ಯಕ್ಕೂ ಸಿಗದ ಹೊಗಳಿಕೆ ಒಂದು ಹಿಡಿ ಮೆಂತ್ಯಸೊಪ್ಪಿಗೆ ಸಿಕ್ಕಿತು. ನಾನು ಕೆಟ್ಟದ್ದು ಅವತ್ತೇ.

ಆಮೇಲೆ ನಾನು ಕೇಳುವವಳಾಗಿ ಉಳಿಯಲಿಲ್ಲ, ಹೇಳುವವಳಾದೆ. 2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದಾಗ ಗುಂಪಿಗೆ ಜನ ನುಗ್ಗಿದರು. ಬಂದವರದೆಲ್ಲ ಒಂದೇ ಪ್ರಶ್ನೆ: "ಇವತ್ತು ಬೀಜ ಹಾಕಿದರೆ ಸಾರಿಗೆ ಯಾವಾಗ ಸಿಗುತ್ತೆ?" ಎರಡೂವರೆ ಮೂರು ತಿಂಗಳು ಅಂದರೆ ನಾನೇ ರೇಟು ಏರಿಸಿದ ಹಾಗೆ ಮುನಿಸಿಕೊಳ್ಳುತ್ತಿದ್ದರು. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ, ಗಿಡಕ್ಕೆ ಕುಡಿಯುವ ನೀರು ಹಾಕಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದಾಗಲಂತೂ ಗುಂಪಿನಲ್ಲಿ ಕುರುಕ್ಷೇತ್ರ. ಅಕ್ಕಿ ತೊಳೆದ ನೀರಿನವರು ಒಂದು ಕಡೆ, ಫಿಲ್ಟರಿನಿಂದ ಹೊರಬೀಳುವ ನೀರಿನವರು ಇನ್ನೊಂದು ಕಡೆ. ನಡುವೆ ಪಂಚಾಯ್ತಿ ಮಾಡುತ್ತಾ ರಾತ್ರಿ ಒಂದು ಗಂಟೆಯವರೆಗೆ ನಾನು. ಆ ವಾರವಿಡೀ ನಮ್ಮನೆಯಲ್ಲಿ ಅಕ್ಕಿ ತೊಳೆದ ನೀರು ಸಿಂಕಿನಲ್ಲೇ ಹೋಯಿತು ಅಂತ ಅತ್ತೆ ಆಮೇಲೆ ಹೇಳಿದರು.

ಮಳೆಗಾಲ ಬಂತೆಂದರೆ ಬ್ರಹ್ಮಕಮಲ. "ಹಿಮಾಲಯದ ಪವಿತ್ರ ಪುಷ್ಪ ನಮ್ಮ ವಿಜಯನಗರದ ಬಾಲ್ಕನಿಯಲ್ಲಿ!" ಅಂತ ಒಬ್ಬರು ಹಾಕುತ್ತಾರೆ. ಸುಮ್ಮನಿರಬಾರದೇ? ಇದು ಮೆಕ್ಸಿಕೊ ಕಡೆಯಿಂದ ಬಂದ ಕಳ್ಳಿ ಜಾತಿ, ಹಿಮಾಲಯದ ಬ್ರಹ್ಮಕಮಲವೇ ಬೇರೆ, ಅದು ಉತ್ತರಾಖಂಡದ ರಾಜ್ಯಪುಷ್ಪ ಅಂತ ನಾನು ಬರೆಯುತ್ತೇನೆ. ನಂಬಿಕೆಗೆ ಧಕ್ಕೆ ತರಬೇಡಿ ಅಂತ ಅವರು ಬರೆಯುತ್ತಾರೆ. ಹೂವು ಬೆಳಗಾಗುವುದರೊಳಗೆ ಬಾಡುತ್ತದೆ, ಜಗಳ ಮೂರು ದಿನ ಬಾಡುವುದಿಲ್ಲ.

ಇವರೆಲ್ಲ ಹೋಗಲಿ, ದಾಸವಾಳದ ರಾಯರಿದ್ದಾರೆ. ಇದು ನಾನಿಟ್ಟ ಹೆಸರು. ಅವರ ಮುಖ ನೋಡಿಲ್ಲ, ಹೆಬ್ಬೆರಳು ಮಾತ್ರ ನೋಡಿದ್ದೇನೆ. ಅವರು ಕಳಿಸುವ ಪ್ರತಿ ಫೋಟೋದಲ್ಲೂ ಮುಕ್ಕಾಲು ಭಾಗ ಹೆಬ್ಬೆರಳು, ಮಿಕ್ಕ ಕಾಲು ಭಾಗದಲ್ಲಿ ಬಿಳೀ ಹತ್ತಿಯಂಥದ್ದು ಮೆತ್ತಿಕೊಂಡ ದಾಸವಾಳದ ಎಲೆ. "ಇದೇನು ಮೇಡಂ?"

"ಹಿಟ್ಟು ತಿಗಣೆ ಸಾರ್. ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಎರಡು ಹನಿ ಸೋಪಿನ ನೀರು. ಸಂಜೆ ಹೊತ್ತು ಎಲೆಯ ಅಡಿಗೂ ಸಿಂಪಡಿಸಿ."

ಮಾರನೇ ದಿನ ಹೊಸ ಹೆಬ್ಬೆರಳು. "ಬೇವಿನೆಣ್ಣೆ ಬದಲು ಹರಳೆಣ್ಣೆ ನಡೆಯುತ್ತಾ ಮೇಡಂ?" ಅದರ ಮಾರನೇ ದಿನ, "ಸಂಜೆ ಬದಲು ಬೆಳಗ್ಗೆ?" ಆಮೇಲೆ, "ಎಲೆ ಅಡಿಗೆ ಬಗ್ಗಕ್ಕಾಗಲ್ಲ, ಮೇಲೆ ಮಾತ್ರ ಸಾಕಾ?" ಒಂದು ವಾರ ಕಳೆದ ಮೇಲೆ, "ನೀವು ಹೇಳಿದ್ದು ಮಾಡಿದೆ ಮೇಡಂ, ಏನೂ ಪ್ರಯೋಜನ ಆಗಲಿಲ್ಲ." ಏನು ಮಾಡಿದರೋ ಆ ದಾಸವಾಳಕ್ಕೇ ಗೊತ್ತು. ಅವರ ಹೆಬ್ಬೆರಳಿನ ಉಗುರಿನ ಬುಡದಲ್ಲಿ ಎಲ್ಲೋ ಬಾಗಿಲಿಗೆ ಸಿಕ್ಕಿ ರಕ್ತ ಹೆಪ್ಪುಗಟ್ಟಿದ ಒಂದು ಕಪ್ಪು ಚುಕ್ಕೆಯಿತ್ತು. ನಾಲ್ಕು ತಿಂಗಳಲ್ಲಿ ಅದು ಉಗುರಿನ ಜೊತೆ ಬೆಳೆದು ಬೆಳೆದು ತುದಿಗೆ ಬಂದದ್ದನ್ನು ನಾನು ದಿನದಿನವೂ ನೋಡಿದ್ದೇನೆ. ನನ್ನ ಮಗ ಯಾವಾಗ ನನಗಿಂತ ಎತ್ತರವಾದ ಅಂತ ಕೇಳಿದರೆ ಹೇಳಲಾರೆ.

ಬಿಡುವಿನ ಹೊತ್ತಲ್ಲಿ ತಾನೇ ನೋಡುವುದು ಅಂತ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ದಿನಕ್ಕೆ ಸರಾಸರಿ 3 ಗಂಟೆ 12 ನಿಮಿಷ ಅಂತ ಫೋನು ಹೇಳುತ್ತದೆ. ಆಫೀಸು, ಅಡುಗೆ, ನಿದ್ದೆ ಎಲ್ಲ ಕಳೆದರೆ ನನಗೆ ಅಷ್ಟು ಬಿಡುವೇ ಇಲ್ಲ, ಹಾಗಾದರೆ ಆ ಹೊತ್ತು ಎಲ್ಲಿಂದ ಬಂತು? ಬನಶಂಕರಿಯಲ್ಲಿ ಮೆಟ್ರೊ ಹತ್ತಿ ರಾಜಾಜಿನಗರದಲ್ಲಿ ಇಳಿಯಬೇಕಾದವಳು ಮಲ್ಲಿಗೆ ಬಳ್ಳಿ ಸವರುವುದು ಹೇಗೆ ಅಂತ ವಿವರಿಸುತ್ತಾ ತಲೆಯೆತ್ತಿದರೆ ಯಶವಂತಪುರ. ಮಹಾಲಕ್ಷ್ಮಿ, ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಎರಡರಲ್ಲೂ ಆ ಹೆಣ್ಣುದನಿ "ಮುಂದಿನ ನಿಲ್ದಾಣ" ಅಂತ ಕೂಗಿರಲೇಬೇಕು. ಒಂದು ಭಾನುವಾರ ಶಿಸ್ತು ಬಂತು, ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹುಗಿದಿಟ್ಟೆ. ಅಕ್ಕಿ ಅಳೆಯುವ ನೆಪದಲ್ಲಿ ಐದು ಸಲ ಮುಚ್ಚಳ ತೆಗೆದೆ, ತೆಗೆದಾಗಲೆಲ್ಲ ಯಾರಾದರೂ ನೋಡುತ್ತಾರೆಂದು ಒಂದೊಂದು ಪಾವು ಅಳೆದೆ. ಎರಡು ದಿನ ಮೂರು ಹೊತ್ತೂ ಚಿತ್ರಾನ್ನ. ಇನ್ನು ಹುಳಿಯಂತೂ, ಇದನ್ನು ಬರೆಯುವ ಇವತ್ತು ಬೆಳಗ್ಗೆಯೂ ತಳ ಹಿಡಿಯಿತು. ಮಗ ಮೂಸಿ ನೋಡಿ, "ಇವತ್ತು ಯಾವ ಊರಿನ ಗಿಡ?" ಅಂದ.

ಈಗ ನೈಟಿಗೆ ಬರುತ್ತೇನೆ. ಕಳೆದ ಭಾನುವಾರ ರಾತ್ರಿ ಊಟವಾದ ಮೇಲೆ ಗುಂಪಿನಲ್ಲಿ ಒಂದು ಫೋಟೋ ಕಾಣಿಸಿಕೊಂಡಿತು. ಹಾಕಿದವರು ಅನಾಮಿಕ ಸದಸ್ಯರು. ಹೆಸರು ಹೇಳಲು ಮುಜುಗರಪಡುವವರು ಹಾಗೆ ಕೇಳುವುದುಂಟು. ಬಣ್ಣದ ಖಾಲಿ ಬಕೆಟ್ಟಿನಲ್ಲಿ ಒಂದು ಕರಿಬೇವಿನ ಗಿಡ. ಎಲೆಯೆಲ್ಲ ಹಳದಿ, ಅರ್ಧ ಉದುರಿ ಬರೀ ಕಡ್ಡಿ. ಮಣ್ಣಿನ ಮೇಲೆ ಪಾಚಿ. ಹಿಂದೆ ತಂತಿಯ ಮೇಲೆ ಒಣಹಾಕಿದ ದೊಡ್ಡ ದೊಡ್ಡ ಹೂವಿನ ಮರೂನ್ ನೈಟಿ. ಕೆಳಗೆ ಒಂದೇ ಸಾಲು: "ಕರಿಬೇವಿಗೆ ಏನಾಗಿದೆ, ತಿಳಿದವರು ಹೇಳಿ."

ತಿಳಿದವರಿಗೆ ಮೈಯೆಲ್ಲ ಉರಿಯಿತು. ಎರಡೇ ನಿಮಿಷದಲ್ಲಿ ಬರೆದೆ: "ನೀರು ವಿಪರೀತವಾಗಿದೆ. ಬಕೆಟ್ಟಿನ ತಳದ ತೂತು ಕಟ್ಟಿಕೊಂಡಿರಬೇಕು, ಒಂದು ಕಡ್ಡಿಯಿಂದ ಬಿಡಿಸಿ. ಮೇಲ್ಮಣ್ಣು ಕೆದಕಿ ಒಣಗಲು ಬಿಡಿ. ತುದಿ ಚಿವುಟಿ. ಹದಿನೈದು ದಿನಕ್ಕೊಮ್ಮೆ ಹುಳಿ ಮಜ್ಜಿಗೆಗೆ ನೀರು ಬೆರೆಸಿ ಬುಡಕ್ಕೆ ಹಾಕಿ." ಇಲ್ಲಿಗೆ ನಿಲ್ಲಿಸಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಮುಂದುವರಿಸಿದೆ: "ಎಲ್ಲಕ್ಕಿಂತ ಮೊದಲು ಹಿಂದಿನ ಆ ಶಾಮಿಯಾನವನ್ನು ತೆಗೆಯಿರಿ. ಬಿಸಿಲು ಬೇಕಾಗಿರುವುದು ಗಿಡಕ್ಕೆ, ನೈಟಿಗಲ್ಲ. ನೋಡಿಕೊಳ್ಳಲು ಪುರುಸೊತ್ತಿಲ್ಲದವರು ಪ್ಲಾಸ್ಟಿಕ್ ಗಿಡ ಇಟ್ಟುಕೊಳ್ಳಬಹುದು."

ಸೋಮವಾರ ಸಂಜೆಯ ಹೊತ್ತಿಗೆ 143 ಲೈಕ್. ನೈಟಿಗೆ ಪ್ರತ್ಯೇಕ ಅಭಿಮಾನಿ ಬಳಗ. "ಗಿಡಕ್ಕಿಂತ ನೈಟಿಯೇ ಚೆನ್ನಾಗಿ ಅರಳಿದೆ" ಅಂತ ಒಬ್ಬರು. "ಈ ತಳಿಯ ಹೂವು ಲಾಲ್‌ಬಾಗಿನ ಪ್ರದರ್ಶನದಲ್ಲೂ ಕಂಡಿರಲಿಲ್ಲ" ಅಂತ ಇನ್ನೊಬ್ಬರು. "ಇಂಥಾ ನೈಟಿ ಹಾಕ್ಕೊಳ್ಳೋರು ಗಿಡ ಎಲ್ಲಿ ನೋಡ್ತಾರ ಬಿಡ್ರಿ" ಅಂತ ಹುಬ್ಬಳ್ಳಿ ಕಡೆಯವರು. ಅಷ್ಟರಲ್ಲಿ ಎಲ್ಲಿದ್ದರೋ, ದಾಸವಾಳದ ರಾಯರು: "ನೈಟಿ ಬದಲು ಪಂಚೆ ಒಣಹಾಕಿದರೆ ನಡೆಯುತ್ತಾ ಮೇಡಂ?"

ರಾತ್ರಿ ಸೋಫಾದ ಮೇಲೆ ಕಾಲು ಮಡಚಿ ಕೂತು ಇದನ್ನೆಲ್ಲ ಒಂದೊಂದಾಗಿ ಮನೆಯವರಿಗೆ ಓದಿ ಹೇಳಿದೆ. ನನ್ನ ಶಾಮಿಯಾನದ ಮಾತನ್ನು ಎರಡು ಸಲ ಓದಿದೆ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು, ಮೈಮೇಲಿದ್ದ ಬಟ್ಟೆಯಲ್ಲೇ ಒರೆಸಿಕೊಂಡೆ. ಇವರು ಮಾತ್ರ ನಗದೆ ಫೋನು ಇಸಕೊಂಡು ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋನು ನೋಡಿದರು, ತಿರುಗಿ ನನ್ನ ಕೈಗಿಟ್ಟು ಕನ್ನಡಕ ಒರೆಸಲು ಎದ್ದು ಹೋದರು. ಮಗ ದಿಂಬನ್ನು ಮುಖಕ್ಕೆ ಒತ್ತಿಕೊಂಡಿದ್ದ.

"ಅಮ್ಮಾ, ಒಂದ್ಸಲ ಕೆಳಗೆ ನೋಡು."

ಫೋನಿನಲ್ಲಿ ಕೆಳಗೆ ಸರಿಸಿದೆ. "ನೋಡ್ದೆ ಕಣೋ, ಇನ್ನೂ ಎಂಟು ಜನ ಬರೆದಿದ್ದಾರೆ."

"ಫೋನಲ್ಲಿ ಅಲ್ಲಮ್ಮ."

ಮರೂನ್. ದೊಡ್ಡ ದೊಡ್ಡ ಹೂವು. ಇಂಥ ನೈಟಿ ಊರಲ್ಲಿ ಸಾವಿರ ಇರುತ್ತವೆ ಅಂತ ವಾದ ಮಾಡೋಣವೆಂದರೆ ಜೇಬು ಕಿತ್ತು ಬಂದಾಗ ಮರೂನ್ ದಾರ ಸಿಗದೆ ಗಿಳಿಹಸಿರು ದಾರದಲ್ಲಿ ಹೊಲಿದಿದ್ದೆ. ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿದರೆ ಆ ಗಿಳಿಹಸಿರು ಸೊಟ್ಟ ಹೊಲಿಗೆ ಕಣ್ಣಿಗೆ ರಾಚಿತು. ಬಕೆಟ್ಟೂ ನಮ್ಮದೇ, ಗೃಹಪ್ರವೇಶಕ್ಕೆ ಮುಂಚೆ ಗೋಡೆಗೆ ಹೊಡೆದು ಖಾಲಿಯಾದದ್ದು. ಗಿಡವೂ ನಮ್ಮದು. ನಮ್ಮ ತಾರಸಿಯ ಗಿಡದ ಗುರುತು ನನಗೇ ಸಿಕ್ಕಿರಲಿಲ್ಲ.

ಬರೆದದ್ದನ್ನು ಅಳಿಸಿಬಿಡೋಣ ಅಂತ ಬೆರಳು ಹೋಯಿತು. ಪಕ್ಕದಲ್ಲಿ 151 ಲೈಕ್ ಕಂಡಿತು. ಬೆರಳು ವಾಪಸು ಬಂತು.

"ಯಾರೋ ಹಾಕಿದ್ದು ಇದನ್ನ?" ಅಂತ ಮಗನ ಮೇಲೆ ಎಗರಿದೆ. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆಯೆತ್ತದೆ, "ನಾನೇ ಹಾಕ್ಸಿದ್ದು ಮಾರಾಯ್ತಿ, ಅವನನ್ನ ಬೈಬೇಡ" ಅಂದರು. "ಬುಧವಾರ ಕೇಳ್ದೆ, ಕರಿಬೇವು ಯಾಕೋ ಬಾಡ್ತಾ ಇದೆ, ಒಂಚೂರು ನೋಡೇ ಅಂತ. ಹೂಂ ಅತ್ತೆ ಅಂದೆ. ಗುರುವಾರ ಕೇಳ್ದೆ, ಹೂಂ ಅತ್ತೆ. ಶನಿವಾರ ಕೇಳ್ದಾಗ ಹೂಂ ಮಾತ್ರ ಅಂದೆ, ಅತ್ತೆ ಅನ್ಲಿಲ್ಲ. ಅಲ್ಲಿ ಕೇಳಿದ್ರೆ ಎರಡೇ ನಿಮಿಷಕ್ಕೆ ಹೇಳ್ತಾಳಜ್ಜಿ ಅಂತ ಇವನಂದ. ಹೌದೋ ಅಲ್ವೋ ನೋಡೋಣ ಅಂತ." ಮುಂದಿನ ಬತ್ತಿಗೆ ಹತ್ತಿ ಹಿಂಜುತ್ತಾ, "ಚೆನ್ನಾಗೇ ಹೇಳಿದ್ದೀಯ. ತೂತು ಕಟ್ಟಿರುತ್ತೆ ಅಂತ ನಂಗೆ ಹೊಳೆದಿರ್ಲಿಲ್ಲ" ಅಂದರು. ಚುಚ್ಚಲು ಅಂದದ್ದೂ ಅಲ್ಲ. ಚುಚ್ಚಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಆ ಗಿಡ ತೀರ್ಥಹಳ್ಳಿ ಮನೆಯ ಹಿತ್ತಲಿನದು. ಅಲ್ಲಿ ಅದು ಗಿಡವಲ್ಲ, ಮರ. ಓಣಿಯವರೆಲ್ಲ ಕೇಳದೆ ಬಂದು ಎಳೆದುಕೊಂಡು ಹೋಗುತ್ತಿದ್ದರು, ಕೇಳಿದರೇ ಅತ್ತೆಗೆ ಬೇಜಾರು. ಮಾವ ಹೋದ ಮೇಲೆ ಮನೆ ಮಾರಿ ಇಲ್ಲಿಗೆ ಬರುವಾಗ ಬೇರಿನಿಂದ ಎದ್ದ ಒಂದು ಮರಿಯನ್ನು ಮಣ್ಣು ಸಮೇತ ಅಡಿಕೆ ಹಾಳೆಯಲ್ಲಿ ಸುತ್ತಿ, ರಾತ್ರಿ ಬಸ್ಸಿನಲ್ಲಿ ಮೆಜೆಸ್ಟಿಕ್ಕಿನವರೆಗೆ ಮಡಿಲಲ್ಲೇ ಇಟ್ಟುಕೊಂಡು ಬಂದಿದ್ದರು. ಬೆಂಗಳೂರಿನಲ್ಲಿ ತರಕಾರಿ ಜೊತೆ ಕರಿಬೇವು ಪುಕ್ಕಟೆ ಸಿಗುತ್ತದಲ್ಲ ಅತ್ತೆ ಅಂತ ಆಗ ನಾನೇ ಅಂದಿದ್ದೆ. ದಿನಾ ಸಂಜೆ ತಂಬಿಗೆ ಹಿಡಿದು ಮಂಡಿನೋವಿನಲ್ಲೂ ಮೆಟ್ಟಿಲು ಹತ್ತಿ ನೀರು ಹಾಕುತ್ತಿದ್ದರು. ಬಾಡಿತೆಂದು ಇನ್ನೊಂದು ತಂಬಿಗೆ ಹೆಚ್ಚು ಹಾಕಿದ್ದಾರೆ ಪಾಪ. ಬೇರು ಕೊಳೆಯಲು ಅಷ್ಟು ಸಾಕು.

ಮಂಗಳವಾರ ಆಫೀಸಿನಿಂದ ಬಂದವಳೇ ಫೋನನ್ನು ಫ್ರಿಜ್ಜಿನ ಮೇಲಿಟ್ಟು, ಸ್ಕ್ರೂಡ್ರೈವರು, ಹುಳಿ ಮಜ್ಜಿಗೆ ಹಿಡಿದು ತಾರಸಿಗೆ ಹೋದೆ. ಅತ್ತೆ ಟಾರ್ಚ್ ಹಿಡಿದರು. ಬಕೆಟ್ಟನ್ನು ತಾರಸಿಯಂಚಿನ ಮೋಟುಗೋಡೆಗೆ ಒರಗಿಸಿ ತಳ ಹೊರಮುಖ ಮಾಡಿದೆ. ತೂತಿನಲ್ಲಿ ಬೇರು, ಸುಣ್ಣದ ಚೂರು, ಒಂದು ಸತ್ತ ಬಸವನಹುಳು, ಎಲ್ಲ ಸೇರಿ ಗಾರೆಯಾಗಿತ್ತು. ಎಡಕ್ಕೆ ತಿರುವಿದೆ, ಬಲಕ್ಕೆ ತಿರುವಿದೆ, ಅಂಗೈಯಿಂದ ಗುದ್ದಿದೆ. "ನಿಧಾನ ಕಣೇ" ಅಂತ ಅತ್ತೆ ಅನ್ನುವಷ್ಟರಲ್ಲಿ ಬುಳಕ್ ಅಂತ ಬಿಟ್ಟುಕೊಂಡಿತು. ಎಷ್ಟು ದಿನದಿಂದ ತಡೆದುಕೊಂಡಿತ್ತೋ, ಮಸಿಯಂಥ ಕೊಳೆತ ನೀರು ಒಂದೇ ಧಾರೆಯಾಗಿ ಮೋಟುಗೋಡೆ ದಾಟಿ ಕೆಳಗಿಳಿಯಿತು.

ಕೆಳಗೆ, ನೆಲಮಹಡಿಯ ನಿವೃತ್ತ ಮೇಷ್ಟ್ರು ನೀಲಿ ಹಾಕಿ ಹಿಂಡಿ ಒಣಹಾಕಿದ್ದ ಮಲ್ಲುಪಂಚೆ ಇತ್ತು.

"ಯಾರ್ರೀ ಅದು ಮೇಲೆ?"

ಅತ್ತೆ ಟಾರ್ಚ್ ಆರಿಸಿದರು. ಮಂಡಿನೋವಿನವರು ಅಷ್ಟು ಬೇಗ ಕುಕ್ಕರಗಾಲಲ್ಲಿ ಕೂರಬಲ್ಲರು ಅಂತ ನನಗೆ ಗೊತ್ತಿರಲಿಲ್ಲ. ನನ್ನ ಚೂಡಿದಾರದ ಚುಂಗು ಹಿಡಿದು ಮೋಟುಗೋಡೆಯ ಮರೆಗೆ ಎಳೆದುಕೊಂಡರು. ಕೆಳಗಿನಿಂದ ಇನ್ನೊಂದು ಸಲ, ಈ ಬಾರಿ ಜೋರಾಗಿ: "ಕೇಳಿದ್ದು ಕೇಳಿಸ್ಲಿಲ್ವಾ? ಯಾರದು?"

ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅನಾಮಿಕ ಸದಸ್ಯರು ಅನ್ನೇ."