ಎನ್‌ಕ್ರಿಪ್ಶನ್‌ಗೆ ಸರ್ಕಾರ ಕಡಿವಾಣ ಹಾಕಬಹುದಾ?

ತಪ್ಪು ಮಾಡದವರಿಗೆ ಭಯ ಯಾಕೆ, ನಮ್ಮ ಮೆಸೇಜ್ ಓದೋಕೆ ಸರ್ಕಾರಕ್ಕೂ ಒಂದು ದಾರಿ ಇರಲಿ ಬಿಡಿ ಅನ್ನುವವರು ಜಾಸ್ತಿಯಾಗಿದ್ದಾರೆ. ನಾನು ಇದನ್ನು ಸುತಾರಾಂ ಒಪ್ಪುವುದಿಲ್ಲ.

ಮೊದಲನೆಯದಾಗಿ, ಎನ್‌ಕ್ರಿಪ್ಶನ್ ಅಂದರೆ ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ಓದಲಾಗದ ಹಾಗೆ ಮೆಸೇಜನ್ನು ಗಣಿತದ ಮೂಲಕ ಗುಟ್ಟಿನ ಲಿಪಿಗೆ ತಿರುಗಿಸುವುದು, ಅದನ್ನು ತಡೆಯುವುದೇ ಕಷ್ಟ. 1991ರಲ್ಲಿ ಅಮೆರಿಕದ ಫಿಲ್ ಜಿಮ್ಮರ್‌ಮನ್ ಪಿಜಿಪಿ ಎಂಬ ಎನ್‌ಕ್ರಿಪ್ಶನ್ ಸಾಫ್ಟ್‌ವೇರ್ ಬರೆದು ಪುಕ್ಕಟೆ ಹಂಚಿದರು. ಅದು ಇಂಟರ್ನೆಟ್‌ನಲ್ಲಿ ಗಡಿ ದಾಟಿತು. ಆಗ ಅಲ್ಲಿನ ಕಾನೂನಿನಲ್ಲಿ ಬಲವಾದ ಎನ್‌ಕ್ರಿಪ್ಶನ್ ಅಂದರೆ ಯುದ್ಧಸಾಮಗ್ರಿ ಇದ್ದ ಹಾಗೆ, ಪರವಾನಗಿ ಇಲ್ಲದೆ ರಫ್ತು ಮಾಡುವಂತಿಲ್ಲ. ಜಿಮ್ಮರ್‌ಮನ್ ಮೇಲೆ ತನಿಖೆ ಶುರುವಾಯಿತು. 1995ರಲ್ಲಿ ಎಂಐಟಿ ಪ್ರೆಸ್ ಆ ಕೋಡನ್ನು ಪುಸ್ತಕವಾಗಿಯೇ ಅಚ್ಚು ಹಾಕಿತು. ಪುಸ್ತಕ ಹೊರದೇಶಕ್ಕೆ ಹೋದರೆ ಯಾರು ತಡೆಯುತ್ತಾರೆ? ಸ್ಕ್ಯಾನ್ ಮಾಡಿದರೆ ಮತ್ತೆ ಸಾಫ್ಟ್‌ವೇರ್ ಸಿದ್ಧ! 1996ರಲ್ಲಿ ಕೇಸೇ ಹಾಕದೆ ತನಿಖೆ ಕೈಬಿಟ್ಟರು.

ಗಣಿತವನ್ನು ತಡೆಯಲು ಆಗದಿದ್ದರೂ ಕಂಪನಿಗಳನ್ನು ಬಗ್ಗಿಸಬಹುದು, ಅದು ನಿಜ. 2025ರ ಫೆಬ್ರವರಿಯಲ್ಲಿ ಅಲ್ಲಿನ ಸರ್ಕಾರದ ಒತ್ತಡದಿಂದಾಗಿ ಆ್ಯಪಲ್ ಬ್ರಿಟನ್‌ನ ಹೊಸ ಬಳಕೆದಾರರಿಗೆ ಐಕ್ಲೌಡ್‌ನ (ಫೋಟೊ, ಫೈಲ್ ಇಡುವ ಆ್ಯಪಲ್‌ನ ಆನ್‌ಲೈನ್ ಜಾಗ) ಅತಿ ಗಟ್ಟಿ ಎನ್‌ಕ್ರಿಪ್ಶನ್ ಕೊಡುವುದನ್ನು ನಿಲ್ಲಿಸಿತು. ನಷ್ಟ ಆಗಿದ್ದು ಸಾಮಾನ್ಯ ಜನರಿಗೆ. ಪಕ್ಕಾ ಕ್ರಿಮಿನಲ್ ಬೇರೆ ಆ್ಯಪ್ ಹುಡುಕಿಕೊಳ್ಳುತ್ತಾನೆ, ಅಲ್ವಾ?

ಆದರೆ ನನ್ನನ್ನು ಜಾಸ್ತಿ ಕಾಡುವುದು ಗ್ರೀಸ್‌ನಲ್ಲಿ ನಡೆದದ್ದು. ಪೊಲೀಸರು ಕಾನೂನುಬದ್ಧವಾಗಿ ಫೋನ್ ಕದ್ದಾಲಿಸಲಿ ಅಂತ ಟೆಲಿಕಾಂ ಉಪಕರಣಗಳಲ್ಲೇ ಒಂದು ವ್ಯವಸ್ಥೆ ಇಟ್ಟಿರುತ್ತಾರೆ. ಅಲ್ಲಿನ ಒಂದು ದೊಡ್ಡ ಮೊಬೈಲ್ ಕಂಪನಿಯ, ಕರೆಗಳನ್ನು ಜೋಡಿಸುವ ಸ್ವಿಚ್ ಯಂತ್ರಗಳಲ್ಲೂ ಆ ಸಾಫ್ಟ್‌ವೇರ್ ಇತ್ತು. ಕಂಪನಿ ಅದನ್ನು ಬಳಸುತ್ತಲೂ ಇರಲಿಲ್ಲ, ಸುಮ್ನೆ ಕೂತಿತ್ತು. 2004ರಲ್ಲಿ ಯಾರೋ ಒಳಗೆ ನುಗ್ಗಿ ಅದನ್ನು ಗುಟ್ಟಾಗಿ ಚಾಲೂ ಮಾಡಿದರು. ನೂರಕ್ಕೂ ಹೆಚ್ಚು ಫೋನ್‌ಗಳ ಮಾತು ನಕಲಾಗಿ ಬೇರೆ ಪ್ರೀಪೇಯ್ಡ್ ಮೊಬೈಲ್‌ಗಳಿಗೆ ಹೋಗುತ್ತಿತ್ತು. ಆ ನೂರರಲ್ಲಿ ಒಂದು, ಪ್ರಧಾನಿ ಕೋಸ್ಟಾಸ್ ಕರಮನ್ಲಿಸ್ ಅವರದು. ಮಂತ್ರಿಗಳದ್ದೂ ಇದ್ದವು. ಗೊತ್ತಾಗಿದ್ದು 2005ರಲ್ಲಿ, ಅದೂ ಕೆಲವು ಎಸ್ಎಂಎಸ್ ತಲುಪುತ್ತಿಲ್ಲ ಅಂತ ಹುಡುಕಲು ಹೋದಾಗ.

ಪ್ರಧಾನಿಯ ಫೋನನ್ನೇ ಕಾಯಲು ಆಗದವರು ಕೋಟ್ಯಂತರ ಜನರ ಚಾಟ್ ತೆರೆಯುವ ಕೀಲಿಯನ್ನು ಹೇಗೆ ಕಾಯುತ್ತಾರೆ? ನನಗಂತೂ ನಂಬಿಕೆ ಇಲ್ಲ. ಪತ್ರಕರ್ತರು, ವಕೀಲರು, ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದ ಹೆಂಗಸು, ಇವರೆಲ್ಲ ಮಾತಾಡುವುದು ಅದೇ ಆ್ಯಪ್‌ಗಳಲ್ಲಿ.

ಮಕ್ಕಳ ಮೇಲಿನ ದೌರ್ಜನ್ಯ, ಭಯೋತ್ಪಾದನೆ ಇವೆಲ್ಲ ಇವೆ, ಪೊಲೀಸರ ಕಷ್ಟವೂ ಸುಳ್ಳಲ್ಲ. ಆದರೆ ಅವರ ಕೈ ಖಾಲಿಯೇನಿಲ್ಲ. ಯಾರು ಯಾರಿಗೆ ಯಾವಾಗ ಫೋನ್ ಮಾಡಿದರು ಅನ್ನುವುದು ಸಿಗುತ್ತದೆ. ಕೋರ್ಟಿನ ವಾರಂಟ್ ತಂದು ಆರೋಪಿಯ ಫೋನನ್ನೇ ವಶಕ್ಕೆ ಪಡೆಯಬಹುದು. ಇದರಲ್ಲಿ ಕೆಲಸ ಜಾಸ್ತಿ, ಒಬ್ಬೊಬ್ಬರ ಬೆನ್ನು ಹತ್ತಬೇಕು, ಜಡ್ಜ್ ಮುಂದೆ ಕಾರಣ ಹೇಳಬೇಕು. ಹೇಳಲಿ ಬಿಡಿ.